ಗೇಜಿಗೆ ಮೀರಿದ ಮೆಟಲ್

ನನ್ನ ಮೊಮ್ಮಗಳು ಸೃಷ್ಟಿ ಕರೆಂಟಿನ ಗಿಟಾರ್ ಬಾರಿಸುತ್ತಾಳೆ. ಇದನ್ನು ನಾನು ಹಾಲಿನವನಿಗೆ ಹೇಳಿದ್ದೇನೆ. ಬಸ್ಸಿನಲ್ಲಿ ಬಾಜೂಕ್ಕೆ ಕುಳಿತ, ಹೆಸರೂ ಗೊತ್ತಿಲ್ಲದ ಹೆಣ್ಣುಮಗಳಿಗೆ ಹೇಳಿದ್ದೇನೆ. ಸಕ್ಕರೆ ತಪಾಸಣೆಗೆ ರಕ್ತ ತೆಗೆಯುತ್ತಿದ್ದ ನರ್ಸಿಗೂ ಹೇಳಲು ಹೋಗಿ, ಅಲ್ಲಾಡಬೇಡಿ ಎಂದು ಬೈಸಿಕೊಂಡಿದ್ದೇನೆ. ನನ್ನ ಮೊಣಕಾಲು ಎರಡೂ ಹೋಗಿವೆ, ಅಂಗಳ ದಾಟುವುದೇ ಒಂದು ಊರು ದಾಟಿದ ಹಾಗೆ ಆಗುತ್ತದೆ. ಆದರೂ ಹೋದ ತಿಂಗಳು ಅವಳ ಸಾಲಿಯ ವರ್ಷದ ಗ್ಯಾದರಿಂಗಿಗೆ ಹೋಗಿ ಮುಂದಿನ ಕುರ್ಚಿಯಲ್ಲಿಯೇ ಕುಳಿತೆ. ಅವಳು ಬಾರಿಸಲು ಸುರು ಮಾಡಿದ ಕೂಡಲೇ ನನ್ನ ಆಚೀಚೆ ಇದ್ದವರು ಕಿವಿ ಮುಚ್ಚಿಕೊಂಡರು. ನನ್ನ ಮಗ, ಅವಳ ಅಪ್ಪ, ಅವನೂ ಮುಚ್ಚಿಕೊಂಡ. ನಾನು ಮುಚ್ಚಿಕೊಳ್ಳಲಿಲ್ಲ.

ಮನೆಗೆ ಬಂದು ಕಾಲು ಚಾಚಿ ಕುಳಿತಾಗ ಅವಳು ಬಂದು ಕೇಳಿದಳು, "ಆಯಿ, ನಿಂಗ ತ್ರಾಸ ಆಗ್ಲಿಲ್ಲೇನು? ಅದು ಹೆವಿ ಮೆಟಲ್."

"ಗೊತ್ತೈತಿ. ನಿಮ್ಮಪ್ಪ ತೊಟ್ಟಿಲದಾಗ ಇದ್ದಾಗಿಂದ ಗೊತ್ತೈತಿ."

"ಸುಳ್ಳ ಹೇಳಬ್ಯಾಡ ಬಿಡು."

"ಸುಳ್ಳ ಹೇಳಿದ್ರ ನನಗೇನು ಮಾರ್ಕ್ಸ್ ಬೀಳತಾವ?"

"ಹಂಗಾರ ಬರಿ," ಎಂದು ತನ್ನ ಅರ್ಧ ತುಂಬಿದ ನೋಟುಬುಕ್ಕನ್ನು ನನ್ನ ತೊಡೆಯ ಮೇಲೆ ಹಾಕಿ ಹೋದಳು. ನಾನು ಸಾಲಿಯಲ್ಲಿ ಓದಿದ್ದು ಮೂರನೆಯ ಇಯತ್ತೆಯ ತನಕ. ನಾಲ್ಕು ಸಾಲು ಬರೆದರೆ ಬೆನ್ನು ಹಿಡಿಯುತ್ತದೆ, ಅಡ್ಡಾಗುತ್ತೇನೆ, ಎದ್ದು ಮತ್ತೆ ಬರೆಯುತ್ತೇನೆ. ಕೇಳಿದವಳು ಅವಳು. ಬೇರೆ ಯಾರು ಕೇಳಿದ್ದರೂ ಬರೆಯುತ್ತಿರಲಿಲ್ಲ.

ನಾನು ಬರೆಯಬೇಕಾದ ಮನುಷ್ಯನ ಹೆಸರು ಬರೆಯುವುದಿಲ್ಲ. ಅವರ ಮನೆತನದವರು ಇನ್ನೂ ಇಂಡಿ ಊರಿನಲ್ಲಿ ಇದ್ದಾರೆ, ಮತ್ತು ಇಲ್ಲಿ ಹೇಳುವ ಮುಖ್ಯ ಸಂಗತಿಯನ್ನು ಅವರು ಮನೆಯವರಿಂದ ಮುಚ್ಚಿಟ್ಟಿದ್ದರು. ನಾವೆಲ್ಲ ಅವರನ್ನು ರಾಯರು ಎನ್ನುತ್ತಿದ್ದೆವು. ರಸ್ತೆ ಕೆಲಸದ ಓವರ್ಸಿಯರು. ನಾನು ಅವರ ಕೈಕೆಳಗೆ ಖಡಿ ಒಡೆಯುತ್ತಿದ್ದೆ. ಖಡಿ ಎಂದರೆ ರಸ್ತೆಗೆ ಹಾಸಲು ಸಣ್ಣಗೆ ಒಡೆದ ಕಲ್ಲು. ಸರಕಾರದ ಕಾಗದದಲ್ಲಿ ಮಾತ್ರ ಅದಕ್ಕೆ ಮೆಟಲ್ ಎಂದು ಹೆಸರು. ನಮ್ಮ ಗ್ಯಾಂಗು ಇವತ್ತು ಬಾಗೇವಾಡಿಯಿಂದ ನಿಡಗುಂದಿಗೆ ಹೋಗುವ ರಸ್ತೆಯಲ್ಲಿದ್ದರೆ ಆರು ತಿಂಗಳಿಗೆ ಮುದ್ದೇಬಿಹಾಳದ ಕಡೆ, ಅಲ್ಲಿಂದ ಸಿಂದಗಿಯ ಕಡೆ. ಗಂಡ ಗ್ಯಾಂಗಿನ ಮುಕಾದಮ, ಮಗ ಬೇವಿನ ಗಿಡಕ್ಕೆ ಕಟ್ಟಿದ ಸೀರೆಯ ತೊಟ್ಟಿಲಲ್ಲಿ, ನಾನು ಕಲ್ಲಿನ ಗುಂಪಿಯ ಮುಂದೆ. ಎಪ್ಪತ್ತರ ದಶಕದ ಕೊನೆಯ ವರ್ಷಗಳು ನನಗೆ ಹಾಗೆಯೇ ಕಳೆದವು.

ರಾಯರು ಉದ್ದಕ್ಕೆ ಇದ್ದರು, ಬೆನ್ನು ಸ್ವಲ್ಪ ಬಾಗಿತ್ತು. ವಯಸ್ಸು ಮೂವತ್ತೈದಿರಬಹುದು, ಆದರೆ ಕೂರುವಾಗ ಅರವತ್ತರವರ ಹಾಗೆ ಎರಡೂ ಕೈ ಮೊಣಕಾಲಿಗೆ ಕೊಟ್ಟು ಕೂರುತ್ತಿದ್ದರು. ಹೆಗಲಿಗೊಂದು ಖಾಕಿ ಚೀಲ. ಅದರಲ್ಲಿ ಅಳತೆಯ ಟೇಪು, ಕಬ್ಬಿಣದ ಒಂದು ಬಳೆ, ಮತ್ತೆ ತಾಯಿಯ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ರೇಡಿಯೋ. ಆ ಬಳೆಗೆ ಗೇಜು ಎನ್ನುತ್ತಿದ್ದರು. ನಾವು ಒಡೆದ ಖಡಿ ಅದರೊಳಗೆ ತೂರಿ ಈಚೆ ಬಂದರೆ ಪಾಸು, ಸಿಕ್ಕಿಬಿದ್ದರೆ ಮತ್ತೆ ಒಡೆಯಬೇಕು. ಬೇರೆ ಓವರ್ಸಿಯರುಗಳು ಸಿಕ್ಕಿಬಿದ್ದ ಕಲ್ಲನ್ನು ನಮ್ಮ ಮುಂದೆ ಒಗೆದು ಹೋಗುತ್ತಿದ್ದರು. ಇವರು ಎತ್ತಿ ಕೈಯಲ್ಲಿ ಕೊಟ್ಟು, "ಇದಕ್ಕ ಇನ್ನೊಂದು ಏಟು ಬೇಕು ಬಾಯಿ," ಎನ್ನುತ್ತಿದ್ದರು. ಹೇಳುವಾಗ ಆ ಏಟನ್ನು ತಾವೇ ತಿನ್ನುವವರ ಹಾಗೆ ದಣಿದ ಮುಖ. ನಮ್ಮನ್ನೆಲ್ಲ ಅವರು ಬಾಯಿ ಎಂದೇ ಕರೆಯುತ್ತಿದ್ದರು, ಮರಾಠಿಯವರು ಹೆಂಗಸರಿಗೆ ಮರ್ಯಾದೆಯಿಂದ ಹೇಳುವ ಹಾಗೆ.

ಅವರ ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ತಂದೆ ಭಜನೆ ಹಾಡುತ್ತಿದ್ದರಂತೆ, ಅಣ್ಣ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಿದ್ದರಂತೆ. ಅಂಥ ಮನೆಯವರು ಬಂದಿದ್ದಾರೆಂದು ನಮಗೆಲ್ಲ ಒಂದು ಆಸೆ. ಮೊದಲ ವಾರ, ಬುತ್ತಿ ಬಿಚ್ಚಿದ ಹೊತ್ತಿನಲ್ಲಿ ನನ್ನ ಗೆಳತಿ ಶಾಂತವ್ವ ಕೇಳಿಯೇಬಿಟ್ಟಳು, "ರಾಯರ, ನಿಮಗ ಎಂಥಾ ಹಾಡು ಸೇರತೈತ್ರಿ?"

"ನನಗ? ನನಗ ಹೆವಿ ಮೆಟಲ್ ಸೇರ್ತದ."

ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು. ಶಾಂತವ್ವ ರೊಟ್ಟಿ ಮುರಿಯುವುದನ್ನು ಬಿಟ್ಟು, "ಹೆವಿ ಅಂದ್ರ ಭಾರಾನ ಹೌದಲ್ರಿ? ದಪ್ಪ ಖಡಿ?" ಎಂದಳು.

"ಭಾರ ಹೌದು. ಆದ್ರ..."

"ಅಷ್ಟ ಸೇರತಿದ್ರ ಬರ್ರಿ, ಹತ್ತು ಬುಟ್ಟಿ ಹೊತ್ತು ಹಾಕ್ರಿ. ನಮಗಂತೂ ಸೇರಿಲ್ಲ."

ರಾಯರು ನಕ್ಕರು. ಅವರು ನಗುವುದನ್ನು ನಾವು ನೋಡಿದ್ದು ಆಗಲೇ ಮೊದಲು. ಆಮೇಲೆ ಸಮಾಧಾನವಾಗಿ ತಿಳಿಸಿ ಹೇಳಿದರು. ಅದಕ್ಕೂ ಆರೇಳು ವರ್ಷ ಮೊದಲು ಸರಕಾರ ಅವರನ್ನು ಪುಣೆಗೆ ಟ್ರೇನಿಂಗಿಗೆ ಕಳಿಸಿದಾಗ ಬಾಜೂ ಖೋಲಿಯಲ್ಲಿ ಗೋವೆಯ ಗೆಳೆಯನೊಬ್ಬ ಇದ್ದನಂತೆ. ಅವನ ಹತ್ತಿರ ಕರೆಂಟಿಗೆ ಹಚ್ಚುವ ಗಿಟಾರ್, ಮತ್ತೆ ವಿಲಾಯತಿಯ ಗ್ರಾಮಫೋನ್ ಪ್ಲೇಟುಗಳು. ಮೊದಲನೆಯ ಸಲ ಕೇಳಿದಾಗ ಇವರು ಗೋಡೆ ಬಡಿದು ಬೈದರಂತೆ. ಎರಡನೆಯ ಸಲ ಬಾಗಿಲಲ್ಲಿ ನಿಂತು ಬೈದರಂತೆ. ಮೂರನೆಯ ಸಲ ಒಳಗೆ ಹೋಗಿ ಕುಳಿತರಂತೆ. "ನೀವು ದಿನಾ ಮಾಡ್ತೀರಲಾ ಈ ಸಪ್ಪಳ, ಸುತ್ತಿಗಿ, ಕಲ್ಲು, ರೋಲರು, ಇದನ್ನೆಲ್ಲಾ ಅವರು ಹಾಡು ಮಾಡ್ಯಾರ," ಎಂದರು. ಅಂದಿನಿಂದ ಗ್ಯಾಂಗಿನಲ್ಲಿ ದಪ್ಪ ಕಲ್ಲು ಬಂತೆಂದರೆ ಸಾಕು, "ರಾಯರ ಹಾಡು ಬಂತು, ಹಿಡೀರಿ," ಎನ್ನುವುದು ರೂಢಿಯಾಯಿತು.

ಅವರ ಹುಚ್ಚು ನೋಡಿದವರಿಗೇ ಗೊತ್ತು. ದಿನವೆಲ್ಲ ಬಿಸಿಲಲ್ಲಿ ಅಳೆದು, ಸಂಜೆ ನಾವು ಇರುತ್ತಿದ್ದ ಗ್ಯಾಂಗ್ ಚಾಳದ ಕಟ್ಟೆಗೆ ಬಂದು, ಮುಖ ತೊಳೆಯುವ ಮೊದಲೇ ರೇಡಿಯೋ ಬಿಚ್ಚುತ್ತಿದ್ದರು. ಅದಕ್ಕೆ ತಾಮ್ರದ ತಂತಿ ಕಟ್ಟಿ, ತಂತಿಯ ಆ ತುದಿಯನ್ನು ರೋಲರಿನ ಚಿಮಣಿಗೆ ಸುತ್ತುತ್ತಿದ್ದರು. ದೂರದ ದೇಶದ ಯಾವುದೋ ಸ್ಟೇಷನ್ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಸಿಡಿಸಿಡಿ ಎನ್ನುತ್ತ ಬರುತ್ತಿತ್ತು. ಅರ್ಧ ತಾಸು ಆ ಸಿಡಿತ ಕೇಳಿದರೆ ಅದರೊಳಗೆ ಒಂದು ನಿಮಿಷ ಗಿಟಾರು. ಬಂದಾಗ ಅವರು ಬೆರಳೆತ್ತಿ ನಮ್ಮನ್ನೆಲ್ಲ ಸುಮ್ಮನಾಗಿಸುತ್ತಿದ್ದರು. ಹೋದ ಮೇಲೆ ಬೆರಳು ಇಳಿಸಿ, "ಹೋತು," ಎನ್ನುತ್ತಿದ್ದರು. ಆ ಹೋತು ಎನ್ನುವುದರಲ್ಲಿ ಇಡೀ ದಿನದ ದಣಿವು ಇರುತ್ತಿತ್ತು.

ಸಿಂದಗಿಯಲ್ಲಿ ಟೆಂಟಿನ ಸಿನಿಮಾ ಬಂದರೆ ತಪ್ಪಿಸುತ್ತಿರಲಿಲ್ಲ. ಕತೆ ಅವರಿಗೆ ಬೇಕಾಗಿರಲಿಲ್ಲ. ಕ್ಲಬ್ಬಿನಲ್ಲಿ ಹೆಣ್ಣು ಕುಣಿಯುವ ಹಾಡು ಬಂದರೆ ಎಲ್ಲರೂ ಹೆಣ್ಣನ್ನು ನೋಡುತ್ತಿದ್ದರು, ಇವರು ಹಿಂದೆ ನಿಂತು ಗಿಟಾರ್ ಬಾರಿಸುವವನ ಕೈ ನೋಡುತ್ತಿದ್ದರು. "ಆ ಮನುಷ್ಯಾ ಸುಳ್ಳ ಬಾರಸ್ತಾನ, ಬೆರಳು ತಂತಿಗೆ ತಾಕೇ ಇಲ್ಲ," ಎಂದು ಬೇಸರದಿಂದ ಹೊರಗೆ ಬಂದು ಶೇಂಗಾ ತಿನ್ನುತ್ತಿದ್ದರು. ಸರ್ಕಸ್ ಬಂದರೆ ಹುಲಿ, ಆನೆ ಯಾವುದೂ ಬೇಡ. ಬಾವಿಯಂಥ ಹಲಗೆಯ ಗೋಡೆಯಲ್ಲಿ ಮೋಟಾರ್ ಸೈಕಲ್ ಸುತ್ತುತ್ತದಲ್ಲ, ಆ ಗೋಡೆಯ ಮೇಲೆ ನಿಂತು ಎರಡು ಸಲ, ಮೂರು ಸಲ ನೋಡುತ್ತಿದ್ದರು. ನೋಡುತ್ತಿದ್ದರು ಎಂದರೆ ಕಣ್ಣು ಮುಚ್ಚಿಕೊಂಡು.

ಹಲಗೆ ಬಾರಿಸುವವರು ಬಾರಿಸುವ ಮೊದಲು ಹುಲ್ಲಿನ ಬೆಂಕಿಗೆ ಹಲಗೆ ಕಾಸುವುದು ನಮ್ಮ ಕಡೆ ಎಲ್ಲರೂ ನೋಡಿದ್ದೇ. ಕಾಸಿದರೆ ಚರ್ಮ ಬಿಗಿದು ದನಿ ಏರುತ್ತದೆ. ರಾಯರು ಅದನ್ನು ನಿಂತು ನೋಡಿ ಹೇಳಿದ್ದು ನನಗಿನ್ನೂ ನೆನಪಿದೆ, "ನೋಡ್ರಿ, ಇವರು ಬೆಂಕೀಲೆ ಕಾಸ್ತಾರ, ಅವರು ಕರೆಂಟಿನಲೆ ಕಾಸ್ತಾರ. ಕೆಲಸ ಒಂದ."

ಒಮ್ಮೆ ಡಾಂಬರಿನ ಪೀಪಾಯಿ ಬಂದ ಪೆಟ್ಟಿಗೆಯ ಹಲಗೆಗೆ ಸೈಕಲ್ಲಿನ ಬ್ರೇಕ್ ತಂತಿ ಬಿಗಿದು ಗಿಟಾರ್ ಮಾಡಿದರು. ಮೀಟಿದರೆ ಧುಂಯ್ ಎನ್ನುತ್ತಿತ್ತು. ನನ್ನ ಗಂಡ ಅದನ್ನು ಕೇಳಿ, "ರಾಯರ, ಗಾದಿ ಹಳೇವಾಗ್ಯಾವ, ಅಷ್ಟು ಅರಳಿ ಹಿಂಜಿ ಕೊಟ್ಟುಬಿಡ್ರಿ," ಎಂದ. ಹತ್ತಿ ಹಿಂಜುವ ಬಿಲ್ಲಿನ ದನಿಯೇ ಅದು. ರಾಯರು ಸಿಟ್ಟಾಗಲಿಲ್ಲ. ಇನ್ನೊಮ್ಮೆ ಮೀಟಿ, ಕಿವಿಗೆ ಹತ್ತಿರ ಹಿಡಿದು, "ಹೌದು, ಹಂಗ ಅದ," ಎಂದು ಒಪ್ಪಿಕೊಂಡರು. ಸೃಷ್ಟಿಯ ಗಿಟಾರು ಕೆಂಪಗಿದೆ, ಕನ್ನಡಿಯ ಹಾಗೆ ಮುಖ ಕಾಣುತ್ತದೆ. ಅದನ್ನು ಒರೆಸುವ ಬಟ್ಟೆ ನಾನೇ ಹೊಲಿದುಕೊಟ್ಟಿದ್ದು. ಒಂದಲ್ಲ, ಮೂರು. ಅವಳ ಮಾತು ಬಂದರೆ ನನ್ನ ಕೈ ಬೇರೆ ದಾರಿಗೆ ಹೋಗುತ್ತದೆ, ರಾಯರ ಕಡೆ ಬರುತ್ತೇನೆ.

ಕೆಲಸದ ಬಗ್ಗೆ ಅವರಿಗೆ ಆಸೆಯೂ ಇರಲಿಲ್ಲ, ಅಸಡ್ಡೆಯೂ ಇರಲಿಲ್ಲ. "ರಸ್ತೆ ಮುಗೀತು ಅನ್ನೂದು ಎಲ್ಲೂ ಇಲ್ಲ ಬಾಯಿ. ನಾವು ಈ ತುದಿಗೆ ಬರೂದ್ರಾಗ ಆ ತುದಿ ಕೆಟ್ಟಿರ್ತದ," ಎನ್ನುತ್ತಿದ್ದರು. ಹೇಳಿ ಎದ್ದು ಮತ್ತೆ ಅಳೆಯಲು ಹೋಗುತ್ತಿದ್ದರು.

ಕಲ್ಲಿನ ಖಣಿಯಲ್ಲಿ ಸುರುಂಗ ಹಾರಿಸುವುದು ಅವರದೇ ಜವಾಬ್ದಾರಿ. ಬಂಡೆಗೆ ತೂತು ಕೊರೆದು ಮದ್ದು ತುಂಬಿ ಬತ್ತಿ ಹಚ್ಚುತ್ತಿದ್ದರು. ಏಳು ತೂತಿಗೆ ಮದ್ದು ತುಂಬಿದ್ದರೆ ಏಳು ಢಮ್ಮು ಆಗಬೇಕು. ಆರೇ ಆದರೆ ಒಂದು ಒಳಗೇ ಜೀವಂತ ಇದೆ ಎಂದು ಅರ್ಥ. ಅಲ್ಲಿಗೆ ಹೆಂಗಸರನ್ನು ಬುಟ್ಟಿ ತುಂಬಲು ಬಿಡುವ ಹಾಗಿಲ್ಲ. ಆದ್ದರಿಂದ ಎಣಿಸುವುದು ಓವರ್ಸಿಯರನೇ, ಎಣಿಸಲು ಹತ್ತಿರ ನಿಲ್ಲಬೇಕು. ಹತ್ತು ವರ್ಷ ಹಾಗೆ ನಿಂತಿದ್ದರು.

ಒಂದು ದಿನ ಢಮ್ಮುಗಳು ಮುಗಿದ ಮೇಲೆ ಅವರು, ಇನ್ನು ಕೆಲಸಕ್ಕೆ ಬರಬಹುದು ಎನ್ನುವ ಹಸಿರು ಬಾವುಟ ಎತ್ತಲಿಲ್ಲ. ಹಿಂದೆ ಹೊರಳಿ, ತೊಟ್ಟಿಲಿನ ಹತ್ತಿರ ನಿಂತಿದ್ದ ನನ್ನನ್ನು ಮೆಲ್ಲಗೆ ಕೇಳಿದರು, "ಬಾಯಿ, ಎಷ್ಟಾದುವು?"

"ಏಳಾದುವಲ್ರಿ."

"ಖರೇ?"

"ನನ್ನ ಕೂಸಿನ ಆಣಿ. ಕಡೀವು ಎರಡು ಕೂಡೇ ಆದುವು."

ಬಾವುಟ ಎತ್ತಿದರು. ಆಮೇಲೆ ಬುತ್ತಿಯ ಹೊತ್ತಿನಲ್ಲಿ ನನ್ನೊಬ್ಬಳಿಗೇ ಹೇಳಿದರು. ಮೂರನೆಯ ಢಮ್ಮಾದ ಮೇಲೆ ಕಿವಿಯಲ್ಲಿ ಸೀಟಿ ಊದಿದ ಹಾಗಾಗುತ್ತದೆ, ಮುಂದಿನವು ಒಂದಕ್ಕೊಂದು ಕೂಡಿಕೊಳ್ಳುತ್ತವೆ. "ಗುಬ್ಬಿ ದನಿ ಹೋಗಿ ಒಂದು ವರ್ಷಾತು. ಈಗ ಸೈಕಲ್ ಗಂಟೀನೂ ಹೋಗೇದ. ತೆಳ್ಳನ್ನ ದನಿ ಮೊದಲ ಹೋಗ್ತಾವಂತ, ದಪ್ಪನ್ನವು ಕಡೀಕ. ಇನ್ನ ಗಿಟಾರದ ಸರದಿ." ಈ ಮಾತನ್ನು ಸರಕಾರದವರಿಗೂ ತಿಳಿಸಿರಲಿಲ್ಲ, ತಾಯಿಗೂ ತಿಳಿಸಿರಲಿಲ್ಲ. ಅಂದಿನಿಂದ ಸುರುಂಗ ಇದ್ದ ದಿನ ನಾನು ಅವರ ಹಿಂದೆ ನಿಂತು ಎಣಿಸುತ್ತಿದ್ದೆ. ಬೆರಳು ತೋರಿಸಿದರೆ ಅವರು ಬಾವುಟ ಎತ್ತುತ್ತಿದ್ದರು.

ಆಗ ಅವರಿಗೆ ಒಂದೇ ಆಸೆ ಇತ್ತು. ಕಿವಿ ಪೂರ್ತಿ ಹೋಗುವ ಮೊದಲು, ಸಿಡಿಸಿಡಿ ಇಲ್ಲದೆ, ನಡುವೆ ಹರಿಯದೆ, ಒಂದು ಹೆವಿ ಮೆಟಲ್ ಪ್ಲೇಟನ್ನು ದೊಡ್ಡ ಲೌಡ್‌ಸ್ಪೀಕರಿನಲ್ಲಿ ಮೊದಲಿನಿಂದ ಕೊನೆಯವರೆಗೆ ಕೇಳುವುದು. ಪುಣೆಯ ಆ ಗೆಳೆಯನಿಗೆ ಪತ್ರ ಬರೆದಿದ್ದರು. ಅವನು ತನ್ನದೇ ಒಂದು ಪ್ಲೇಟು ಕಳಿಸುತ್ತೇನೆ ಎಂದು ಉತ್ತರ ಬರೆದಿದ್ದ. ರಾಯರು ಆ ಉತ್ತರವನ್ನು ಗೇಜಿನ ಜೊತೆಯಲ್ಲಿಯೇ ಚೀಲದಲ್ಲಿ ಇಟ್ಟುಕೊಂಡಿದ್ದರು.

ಇನ್ನು ನನ್ನ ತಪ್ಪು ಬರೆಯಬೇಕು.

ಹದಿನೈದು ದಿನಕ್ಕೊಮ್ಮೆ ವಿಜಾಪುರದಿಂದ ಒಂದು ಲಾರಿ ಬಂದು ಖಡಿಯ ನಮೂನೆ ಒಯ್ಯುತ್ತಿತ್ತು. ಅಲ್ಲಿ ಪರೀಕ್ಷೆಯ ಖೋಲಿಯಲ್ಲಿ ಕಲ್ಲನ್ನು ಮಿಶಿನ್ನಿನಲ್ಲಿ ಒತ್ತಿ, ಎಷ್ಟು ಭಾರಕ್ಕೆ ಒಡೆಯುತ್ತದೆ ಎಂದು ನೋಡುತ್ತಿದ್ದರು. ನಮೂನೆಯ ಚೀಲ ತುಂಬಿ, ಬಾಯಿ ಹೊಲಿದು, ಮೇಲೆ ಇಂಗ್ಲಿಷಿನಲ್ಲಿ ಮೆಟಲ್ ಎಂದು ಬರೆದ ಚೀಟಿ ಹಚ್ಚಬೇಕು. ಹೆಂಗಸರಲ್ಲಿ ಸಾಲಿಯ ಮುಖ ನೋಡಿದವಳು ನಾನೊಬ್ಬಳೇ ಎಂದು ರಾಯರು ಆ ಕೆಲಸ ನನಗೆ ಕೊಟ್ಟರು. ಡಾಂಬರಿನ ಪೀಪಾಯಿಯ ಮೇಲೆ ಸುಣ್ಣದ ಕಲ್ಲಿನಲ್ಲಿ ಬರೆದು ಕಲಿಸಿದರು. ಎರಡು ಗುಡ್ಡ ಕೂಡಿದಂತೆ ಒಂದು ಅಕ್ಷರ, ಮೂರು ಹಲ್ಲಿನ ಬಾಚಣಿಕೆಯಂತೆ ಒಂದು, ತಂತಿಕಂಬದಂತೆ ಒಂದು, ಡೇರೆಯಂತೆ ಒಂದು, ಗೋಡೆಯ ಮೂಲೆಯಂತೆ ಒಂದು. ಐದು ಅಕ್ಷರ. ಇಂಗ್ಲಿಷಿನಲ್ಲಿ ನನಗೆ ಬರುತ್ತಿದ್ದ ಶಬ್ದ ಅದೊಂದೇ. ಅದನ್ನು ಓದಲು ಬಂದ ದಿನ ನಾನು ಗಂಡನ ಮುಂದೆ ಎಷ್ಟು ಮೆರೆದೆ ಎಂದರೆ, "ಇನ್ನ ನಿನಗ ಕುರ್ಚಿ ಹಾಕಿಸಬೇಕು," ಎಂದು ಅವನು ಕೈ ಮುಗಿದ.

ರಾಯರು ಕಿವಿ ತೋರಿಸಲು ವಿಜಾಪುರಕ್ಕೆ ಹೋದ ದಿನ, ಬಸ್ಸಿನ ಕಂಡಕ್ಟರು ಒಂದು ಪಾರ್ಸಲ್ ಇಳಿಸಿ ಹೋದ. ಗೋಣಿಯ ತಟ್ಟು ಸುತ್ತಿತ್ತು, ಚೌಕಾಗಿತ್ತು, ರೊಟ್ಟಿಯ ಹಲಗೆಯಷ್ಟು ಅಗಲವಿತ್ತು. ಮೇಲೆ ಇಂಗ್ಲಿಷಿನ ನಾಲ್ಕು ಸಾಲು. ಮೂರು ಸಾಲು ನನಗೆ ತಿಳಿಯಲಿಲ್ಲ. ನಾಲ್ಕನೆಯ ಸಾಲಿನಲ್ಲಿ ಎರಡು ಶಬ್ದ. ಮೊದಲನೆಯದು ಗೊತ್ತಿಲ್ಲ, ಎರಡನೆಯದು ಗುಡ್ಡ, ಬಾಚಣಿಕೆ, ಕಂಬ, ಡೇರೆ, ಮೂಲೆ.

ಬೇರೆ ಕ್ಯಾಂಪಿನ ನಮೂನೆ ನಮ್ಮಲ್ಲಿಗೆ ಬರುವುದು ಹೊಸದಾಗಿರಲಿಲ್ಲ, ಒಂದೇ ಲಾರಿ ಎಲ್ಲರದನ್ನೂ ಒಯ್ಯುತ್ತಿತ್ತು. ಮಧ್ಯಾಹ್ನ ಲಾರಿ ಬಂತು. ಲಾರಿಯವನು ಕೆಳಗೆ ಇಳಿಯದೆ ಕೇಳಿದ, "ಮೆಟಲ್ ಎಷ್ಟದಾವ ಬೇ?"

"ಮೂರು ಚೀಲ. ಇನ್ನೊಂದು ಸಪಾಟು ಐತಿ."

"ಸಪಾಟಂದ್ರ?"

"ಫರಸಿಗಲ್ಲಿನ ನಮೂನಿ ಇದ್ದೀತು. ಮ್ಯಾಲ ಮೆಟಲ್ ಅಂತ ಬರದೈತಿ, ನಾನ ಓದೇನಿ."

"ಭಾರೀ ಶಾಣ್ಯಾಕಿ ಆಗಿ ಬಿಡು," ಎಂದು ಅವನು ಅದನ್ನೂ ಮೇಲೆ ಹಾಕಿಕೊಂಡ. ಹಗುರವಾಗಿದೆಯಲ್ಲ ಎಂದು ನನಗೆ ಒಂದು ಗಳಿಗೆ ಅನಿಸಿತು. ಚೀಟಿ ಓದಿದ ಹಿಗ್ಗಿನಲ್ಲಿ ಅದು ಅಲ್ಲಿಗೇ ನಿಂತಿತು.

ಸಂಜೆಯ ಬಸ್ಸಿಗೆ ರಾಯರು ಬಂದರು. ಕಟ್ಟೆಗೆ ಕೂತು, ನೀರು ಕುಡಿದು, ಡಾಕ್ಟರು ಹೇಳಿದ್ದನ್ನು ಹೇಳಿದರು. ಇನ್ನು ಸುರುಂಗದ ಹತ್ತಿರ ನಿಲ್ಲಕೂಡದು. ಹೋದದ್ದು ತಿರುಗಿ ಬರುವುದಿಲ್ಲ. ಇದ್ದದ್ದೂ ಆರು ತಿಂಗಳೋ ವರ್ಷವೋ ಹೇಳಲಾಗುವುದಿಲ್ಲ. ಹೇಳಿ ಮುಗಿಸಿ, "ನನಗೇನರೆ ಬಂದಿತ್ತೇನು?" ಎಂದರು.

ನಾನು ಹೆಮ್ಮೆಯಿಂದಲೇ ಹೇಳಿದೆ. ಒಂದು ಮೆಟಲ್ ಬಂದಿತ್ತು, ಓದಿ ನೋಡಿ ಪರೀಕ್ಷೆಗೆ ಕಳಿಸಿದೆ ಎಂದು.

ಅವರು ನನ್ನ ಬಾಯಿಯನ್ನೇ ನೋಡಿದರು. ತಪ್ಪು ಕೇಳಿಸಿತೇನೋ ಎಂದು ಇನ್ನೊಮ್ಮೆ ಹೇಳಿಸಿದರು. "ಚೌಕ ಇತ್ತೇನು? ತೆಳ್ಳಗ?"

"ಹೌದ್ರಿ."

"ಮೆಟಲ್ ಹಿಂದ ಇನ್ನೊಂದು ಶಬ್ದ ಇತ್ತೇನು?"

ಇತ್ತು ಎಂದೆ. ಆಗ ನನಗೆ ತಿಳಿಯಿತು. ಅವರು ಬೈದಿದ್ದರೆ ಚೆನ್ನಾಗಿತ್ತು. ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. "ಸರಿಯಾಗೇ ಓದೀರಿ ಬಾಯಿ. ನಾನ ಅರ್ಧಾ ಕಲಿಸಿದ್ದೆ," ಎಂದರು.

ಮರುದಿನವೇ ವಿಜಾಪುರಕ್ಕೆ ಹೋದರು. ಪ್ಲೇಟು ಮಿಶಿನ್ನಿಗೆ ಹೋಗಿರಲಿಲ್ಲ, ಕಪಾಟಿನ ಮೇಲೆ ಇಟ್ಟಿದ್ದರು. ಆದರೆ ನಮೂನೆ ಎಂದು ಒಳಗೆ ಬಂದ ಮೇಲೆ ಫಲಿತಾಂಶ ಬರೆಯದೆ ಹೊರಗೆ ಕೊಡಲು ಬರುವುದಿಲ್ಲ ಎಂದರಂತೆ. ದೊಡ್ಡ ಸಾಹೇಬರ ಸಹಿ ಬೇಕು. ಸಾಹೇಬರು ಬದಲಾದರು, ಹೊಸಬರು ಬರಲು ಹೊತ್ತಾಯಿತು. ಅಷ್ಟರಲ್ಲಿ ರಾಯರಿಗೂ ಸಿಂದಗಿಗೆ ವರ್ಗವಾಯಿತು, ಅಲ್ಲಿಂದ ಇಂಡಿಗೆ. ಪ್ರತಿ ಸಲ ಲಾರಿ ಬಂದಾಗ ನಾನು ಓಡಿಹೋಗಿ ಕೇಳುತ್ತಿದ್ದೆ, "ನಮ್ಮ ಸಪಾಟ ಮೆಟಲ್ ಬಂತೇನೋ ಅಣ್ಣಾ?"

"ಇನ್ನೂ ಪರೀಕ್ಷೆಕ್ಕ ಕುಂತೈತಿ. ಪಾಸ್ ಆಗಬ್ಯಾಡೇನು?" ಎಂದು ಅವನು ನಗುತ್ತಿದ್ದ. ಶಾಂತವ್ವ, "ಹಾಡಿನ ಪ್ಲೇಟಿಗೆ ಇಷ್ಟ್ಯಾಕ ಜೀವ ತಿಂತಿ? ಮದುವ್ಯಾಗ ನೂರು ಬಾರಸ್ತಾರ," ಎನ್ನುತ್ತಿದ್ದಳು. ಕಿವಿಯ ಸಂಗತಿ ಅವಳಿಗೆ ಗೊತ್ತಿರಲಿಲ್ಲ. ನಾನು ಒಳಗೊಳಗೇ ತಿಂಗಳು ಎಣಿಸುತ್ತಿದ್ದೆ. ಕಲ್ಲು ಒಡೆದ ದಣಿವು ಮಲಗಿದರೆ ಹೋಗುತ್ತದೆ, ಈ ದಣಿವು ಎದ್ದ ಮೇಲೂ ಇರುತ್ತಿತ್ತು.

ಎಂಟು ತಿಂಗಳಾದ ಮೇಲೆ ರಾಯರು ನಮ್ಮ ಕ್ಯಾಂಪಿಗೇ ತಿರುಗಿ ಬಂದರು. ಈಗ ಅವರಿಗೆ ಸುರುಂಗದ ಕೆಲಸ ಇರಲಿಲ್ಲ, ಬರೀ ಅಳತೆ. ನಾವು ಮಾತಾಡಿದರೆ ಕೈಯನ್ನು ಕಿವಿಯ ಹಿಂದೆ ಇಡುತ್ತಿದ್ದರು. ಹೆಂಗಸರ ಮಾತು ತಿಳಿಯಲು ತುಟಿ ನೋಡಬೇಕಾಗುತ್ತಿತ್ತು, ಗಂಡಸರದು ಅಷ್ಟಿಷ್ಟು ಕೇಳುತ್ತಿತ್ತು. ಬಗಲಲ್ಲಿ ಆ ಚೌಕ ಪಾರ್ಸಲ್ ಇತ್ತು. ಜೊತೆಗೆ ಒಂದು ಸರಕಾರಿ ಚೀಟಿ. ಓದಿ ಹೇಳಿದರು: ನಮೂನೆ ಗೇಜಿಗೆ ಮೀರಿದೆ, ರಸ್ತೆಗೆ ಯೋಗ್ಯವಲ್ಲ. ಓದಿ ನಕ್ಕರು, ನಾವೂ ನಕ್ಕೆವು. ಆ ಚೀಟಿಯನ್ನು ಅವರು ಪ್ಲೇಟಿನಷ್ಟೇ ಜೋಪಾನವಾಗಿ ಇಟ್ಟುಕೊಂಡರು. ಕಪಾಟಿನ ಮೇಲೆ ಬೀಳುತ್ತಿದ್ದ ಕಿಟಕಿಯ ಬಿಸಿಲಿಗೆ ಪ್ಲೇಟು ಮಾತ್ರ ಒಂದು ಕಡೆ ಹಪ್ಪಳದ ಹಾಗೆ ಎದ್ದಿತ್ತು.

ಮುಂದಿನ ವರ್ಷ ಅವರಿಗೆ ದೂರದ ಜಿಲ್ಲೆಗೆ ವರ್ಗವಾಯಿತು. ಆಮೇಲೆ ನಾನು ಅವರನ್ನು ನೋಡಲಿಲ್ಲ. ಇದ್ದಾರೋ ಇಲ್ಲವೋ ತಿಳಿಯದು, ಇದ್ದರೆ ಎಂಬತ್ತು ದಾಟಿರಬೇಕು. ಆದರೆ ಹೋಗುವ ಮೊದಲು ಒಂದು ಮಧ್ಯಾಹ್ನ ಆ ಪ್ಲೇಟು ಹಾಡಿತು. ಅದನ್ನು ಹೇಳದಿದ್ದರೆ ಇಷ್ಟು ಬರೆದದ್ದು ಯಾತಕ್ಕೂ ಅಲ್ಲ.

ಮುದ್ದೇಬಿಹಾಳದ ಮೈಕ್‌ಸೆಟ್ಟಿನವನು ಒಂದು ಮದುವೆಗೆ ಚಕ್ಕಡಿಯಲ್ಲಿ ಸಾಮಾನು ಹೇರಿಕೊಂಡು ನಮ್ಮ ಖಣಿಯ ಮುಂದೆ ಹೊರಟಿದ್ದ. ರಾಯರು ಮೊದಲೇ ಅವನಿಗೆ ಹೇಳಿಟ್ಟಿದ್ದರು. ರೋಲರಿನ ನೆರಳಿನಲ್ಲಿ ಚ್ಯಾಪೆ ಹಾಸಿ ಬ್ಯಾಟರಿ ಇಟ್ಟ, ಪ್ಲೇಟು ಬಾರಿಸುವ ಪೆಟ್ಟಿಗೆ ಇಟ್ಟ, ಲೌಡ್‌ಸ್ಪೀಕರಿನ ಕಹಳೆಯನ್ನು ಖಡಿಯ ಗುಂಪಿಗೆ ಆನಿಸಿದ. ಪ್ಲೇಟನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, "ರಾಯರ, ಇದು ಕುಣೀತೈತಿ. ನನ್ನ ಮುಳ್ಳ ಹಾಳಾಗತೈತಿ. ಒಂದ ಹಾಡು, ಒಂದ ಸಲ. ಬ್ಯಾಟರಿ ಮದುವಿಗೆ ಬೇಕು," ಎಂದ. ರಾಯರು ಅವನ ತುಟಿ ನೋಡಿ ತಲೆಯಾಡಿಸಿದರು.

ಸುರುವಾಯಿತು. ಗಿಡದ ಮೇಲಿನ ಹಕ್ಕಿಯೆಲ್ಲ ಎದ್ದು ಹೋದವು. ಚಕ್ಕಡಿಯ ಎತ್ತು ಕೊರಳ ಹಗ್ಗ ಹರಿದುಕೊಂಡಿತು. ಶಾಂತವ್ವ ಸೆರಗಿನಿಂದ ಕಿವಿ ಮುಚ್ಚಿಕೊಂಡು, "ಗಿರಣಿ ಬೆಲ್ಟ ಹರದೈತಿ," ಎಂದು ದೂರ ಹೋದಳು. ರಾಯರು ರೋಲರಿನ ಗಾಲಿಗೆ ತಲೆಯಾನಿಸಿ ಕಣ್ಣು ಮುಚ್ಚಿ ಕುಳಿತರು. ಡೋಲಿಗೆ ಸರಿಯಾಗಿ ಅವರ ಕಾಲು ಬಡಿಯುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಕಾಲು ನಿಂತಿತು. ಕಣ್ಣು ತೆರೆದು ನನ್ನ ಕಡೆ ನೋಡಿದರು.

"ಡೋಲು ಬರ್ಲಿಕ್ಕೆ ಹತ್ತದ. ದಪ್ಪ ತಂತಿ ಬರ್ಲಿಕ್ಕೆ ಹತ್ತದ. ಗಿಟಾರ್ ಸುರು ಆಗೇದೇನು?"

ಆಗಲೇ ಸುರುವಾಗಿತ್ತು. ಖಣಿಯ ತುಂಬ ಅದೇ ಇತ್ತು. ನಾನು ಎದುರಿಗೆ ಕುಳಿತು, ತುಟಿ ಕಾಣುವ ಹಾಗೆ, ಅವರಿಗೆ ಕೇಳುವಷ್ಟು ದಪ್ಪ ದನಿ ಮಾಡಿ, "ಆಗೈತ್ರಿ," ಎಂದೆ.

"ಹೆಂಗ ಅದ? ಹೇಳ್ರಿ."

ನನಗೇನು ಗೊತ್ತಿತ್ತು ಗಿಟಾರಿನ ಸುದ್ದಿ. ಕಣ್ಣಿಗೆ ಕಂಡದ್ದನ್ನು ಹೇಳಿದೆ. "ಸಾಣಿಗೆ ಕುಡಗೋಲು ಹಿಡದಂಗ ಐತ್ರಿ. ಕಿಡಿ ಬರಾಕತ್ತಾವ... ಈಗ ಮ್ಯಾಲ ಹೊಂಟೈತಿ. ಬಾವ್ಯಾಗಿನ ಕೊಡ ಗಡಗಡ ಮ್ಯಾಲ ಬಂದಂಗ... ಬಂತು, ಬಂತು, ದಂಡಿಗೆ ಬಂತು. ನೀರು ಚೆಲ್ಲತೈತಿ."

"ನಡಗತದೇನು?"

"ನಡಗತೈತ್ರಿ. ಹೋರಿ ಮೂಗುದಾರ ಜಗ್ಗಿ ನಿಂತಂಗ. ನಡುವ ನಡುವ ತೇಲತೈತಿ."

"ಅದು ಪ್ಲೇಟ ಬಾಗಿದ್ದಕ್ಕ. ಅದನ್ನ ಬಿಟ್ಟು ಹೇಳ್ರಿ."

"ಬಿಡಾಕ ಬರೂದಿಲ್ರಿ. ಅದ ಚಂದ ಐತಿ."

ಅವರ ಮುಖದಲ್ಲಿ ನಗು ಬಂತು. ಮತ್ತೆ ಕಣ್ಣು ಮುಚ್ಚಿದರು. "ಅಳತದೇನು?"

ನಾನು ಕೇಳಿ ನೋಡಿದೆ. "ಇಲ್ರಿ. ಬೈಯಾಕತ್ತೈತಿ. ನಮ್ಮನ್ನಲ್ಲ."

ಕಾಲು ಮತ್ತೆ ಬಡಿಯತೊಡಗಿತು. ನಾನು ಹೇಳುತ್ತಲೇ ಇದ್ದೆ. ಯಾವ ಮಾತು ಎಲ್ಲಿಂದ ಬರುತ್ತಿತ್ತೋ ತಿಳಿಯದು. ಕಾದ ಹಂಚಿಗೆ ನೀರು ಬಿದ್ದದ್ದು, ಗಾಳಿಗೆ ಛಾವಣಿಯ ಪತರಾಸಿನ ಮೂಲೆ ಎದ್ದದ್ದು, ಹೆರಿಗೆಯ ಹೊತ್ತಿನಲ್ಲಿ ನಾನು ಹಲ್ಲು ಕಚ್ಚಿದ್ದು, ಎಲ್ಲ ಹೇಳಿದೆ. ಅಷ್ಟರಲ್ಲಿ ಹಾಡು ನಿಂತಿತು. ಮೈಕ್‌ಸೆಟ್ಟಿನವನು ಪೆಟ್ಟಿಗೆಯ ಮುಳ್ಳನ್ನು ಪ್ಲೇಟಿನಿಂದ ಎತ್ತಿ ಬೆರಳಲ್ಲಿ ಹಿಡಿದುಕೊಂಡ. ಖಣಿಯಲ್ಲಿ ಸಪ್ಪಳವೇ ಇಲ್ಲ. ಡೋಲು ನಿಂತದ್ದು ರಾಯರಿಗೆ ಗೊತ್ತಾಗಿರಲೇಬೇಕು, ಅದು ಅವರಿಗೆ ಕೇಳುತ್ತಿತ್ತು. ಆದರೂ ಅವರು ಕಣ್ಣು ತೆರೆಯಲಿಲ್ಲ.

"ಮುಂದ?" ಎಂದರು.

ಮೈಕ್‌ಸೆಟ್ಟಿನವನು ನನ್ನ ಮುಖ ನೋಡಿದ. ನಾನು ಅವನಿಗೆ ಸುಮ್ಮನಿರು ಎಂದು ಕೈ ಮಾಡಿದೆ. ಅವನು ಮುಳ್ಳನ್ನು ಹಿಡಿದುಕೊಂಡೇ ಚ್ಯಾಪೆಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತ.

"ಡೋಲು ಬಿಟ್ಟಾರ್ರಿ," ಎಂದೆ. "ಈಗ ಗಿಟಾರೊಂದ ಉಳದೈತಿ."

"ಹೇಳ್ರಿ," ಎಂದರು.

ನಾನು ಹೇಳುತ್ತ ಹೋದೆ.